ನಾಲ್ಕು ಪಾಯಿಂಟ್ ಹೊಡೆಯುವ ಹುಡುಗ

ಈ ಸಲ ಬಂದ ಪತ್ರಗಳಲ್ಲಿ ಬ್ಯಾಸ್ಕೆಟ್‌ಬಾಲ್‌ನವೇ ಜಾಸ್ತಿ. ಶಾಲೆಗಳ ತಾಲ್ಲೂಕು, ಜಿಲ್ಲಾ ಪಂದ್ಯಗಳು ಮುಗಿದಿವೆ. ಯಾರ ಮಗ ಆಯ್ಕೆಯಾದ, ಯಾರ ಮಗಳು ಆಗಲಿಲ್ಲ ಅನ್ನುವ ಬಿಸಿ ಇನ್ನೂ ಆರಿಲ್ಲ. ಎಲ್ಲಾ ಪತ್ರಗಳೂ ಸುತ್ತಿ ಬಳಸಿ "ಎಷ್ಟು ಪಾಯಿಂಟ್ ಹೊಡೆದ?" ಅನ್ನುವಲ್ಲಿಗೇ ಬರುತ್ತವೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ. ಕಬಡ್ಡಿಯವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಪತ್ರಗಳು ನನ್ನ ಮೇಜಿನ ಮೇಲೇ ಇವೆ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಈ ವರ್ಷ ಶಾಲೆ ತಂಡಕ್ಕೆ 6 ಮ್ಯಾಚ್ ಆಡಿದ, ಒಟ್ಟು 24 ಪಾಯಿಂಟ್. ಅಂದರೆ ಮ್ಯಾಚಿಗೆ ನಾಲ್ಕು. ಅವನ ಗೆಳೆಯ ಮ್ಯಾಚಿಗೆ 15 ಹೊಡೆಯುತ್ತಾನೆ, ಅವನೇ ಜಿಲ್ಲಾ ತಂಡಕ್ಕೆ ಹೋದ. ಪಿ.ಟಿ. ಮೇಷ್ಟ್ರು ನಮ್ಮವನನ್ನು ಮ್ಯಾಚಿಗೆ ಹತ್ತು ನಿಮಿಷ ಬಿಡ್ತಾರೆ ಅಷ್ಟೆ. "ಹುಡುಗ ಚೆನ್ನಾಗಿದ್ದಾನೆ, ಟೈಮ್ ಕೊಡಿ" ಅಂತಾರೆ. ಮನೆಯಲ್ಲಿ ಎಲ್ಲರೂ ಆಟ ಬಿಡಿಸಿ ಟ್ಯೂಷನ್‌ಗೆ ಹಾಕಿ ಅಂತಿದ್ದಾರೆ. ಏನು ಮಾಡಲಿ ಸರ್?
— ಒಬ್ಬ ತಂದೆ, ದಾವಣಗೆರೆ

ಉತ್ತರ: ಪತ್ರ ಬರೆಯುವಾಗ ನೀವೇ ಅರ್ಧ ಉತ್ತರ ಬರೆದುಬಿಟ್ಟಿದ್ದೀರಿ. ಹತ್ತು ನಿಮಿಷ ಅಂತ. ಪೆನ್ನು ತಗೊಳ್ಳಿ. 6 ಮ್ಯಾಚ್, ತಲಾ 10 ನಿಮಿಷ, ಒಟ್ಟು 60 ನಿಮಿಷ. ಅಷ್ಟರಲ್ಲಿ 24 ಪಾಯಿಂಟ್. 40 ನಿಮಿಷದ ಪೂರ್ತಿ ಆಟಕ್ಕೆ ಹಿಗ್ಗಿಸಿದರೆ 16 ಆಗುತ್ತದೆ. ಗೆಳೆಯ 15 ಹೊಡೆಯುವುದು ಎಷ್ಟು ನಿಮಿಷದಲ್ಲಿ? ತಂಡದ ಮುಖ್ಯ ಆಟಗಾರ ಅಂದಮೇಲೆ 35 ನಿಮಿಷವಾದರೂ ಅಂಗಳದಲ್ಲಿ ಇರುತ್ತಾನೆ. ಅವನದ್ದನ್ನೂ ಹಿಗ್ಗಿಸಿದರೆ 17 ಚಿಲ್ಲರೆ. ನಾಲ್ಕಕ್ಕೂ ಹದಿನೈದಕ್ಕೂ ಇದ್ದ ಅಂತರ ಈಗ ಒಂದು ಪಾಯಿಂಟಿಗೆ ಬಂತು, ಅಲ್ವಾ?

ಹಿಗ್ಗಬೇಡಿ, ಇದರಲ್ಲೂ ಒಂದು ಮೋಸವಿದೆ. ನಿಮ್ಮ ಮಗ ಇಳಿಯುವ ಹತ್ತು ನಿಮಿಷ ಯಾವುದು ಅಂತ ನೋಡಬೇಕು. ಎದುರು ತಂಡ ಸೋತು ಸುಣ್ಣವಾಗಿ, ಅವರ ಬೆಂಚಿನ ಹುಡುಗರು ಇಳಿದ ಮೇಲೆ ಇವನನ್ನು ಬಿಟ್ಟರೆ ಅಲ್ಲಿ ಹೊಡೆದ ಪಾಯಿಂಟ್ ಸ್ವಲ್ಪ ಅಗ್ಗ. ಎರಡನೇ ಕ್ವಾರ್ಟರ್‌ನಲ್ಲಿ, ಆಟ ಬಿಗಿಯಾಗಿರುವಾಗ ಬಿಟ್ಟರೆ ಅದಕ್ಕೆ ಬೆಲೆ ಜಾಸ್ತಿ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲೂ 36 ನಿಮಿಷಕ್ಕೆ ಇಷ್ಟು ಅಂತ ಲೆಕ್ಕ ಹಾಕುವ ಪದ್ಧತಿ ಇದೆ. ಅಲ್ಲೂ ಇದೇ ತಕರಾರು: ಹತ್ತು ನಿಮಿಷ ಚೆನ್ನಾಗಿ ಆಡಿದವನು ಮೂವತ್ತಾರು ನಿಮಿಷ ಹಾಗೇ ಆಡುತ್ತಾನೆ ಅಂತ ಯಾರು ಹೇಳಿದರು? ಉಸಿರು ಬೇಕು, ಎದುರಾಳಿಯ ಒಳ್ಳೆಯ ಡಿಫೆಂಡರ್ ಇವನ ಮೇಲೆ ಬಿದ್ದಾಗ ತಡೆದುಕೊಳ್ಳಬೇಕು. ಹಾಗಾಗಿ ಆ 16 ಅನ್ನುವುದು ನಿಮ್ಮ ಮಗನ ನಿಜವಾದ ನಂಬರ್ ಅಲ್ಲ. ಆದರೆ ಬರೀ ನಾಲ್ಕು ಕೂಡ ಅಲ್ಲ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ. ಇಬ್ಬರೂ ಹುಟ್ಟಿದ ತಿಂಗಳು ಯಾವುದು? ವಯಸ್ಸಿನ ಗೆರೆ ಜನವರಿ 1ಕ್ಕೆ ಎಳೆದರೆ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹದಿನಾಲ್ಕರಲ್ಲಿ ಆ ಹನ್ನೊಂದು ತಿಂಗಳು ಅಂದರೆ ಸುಮ್ನೆ ಅಲ್ಲ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ಗಂಟಲು ಇನ್ನೂ ಒಡೆದಿರುವುದಿಲ್ಲ. ಒಬ್ಬ ಭುಜ ಕೊಟ್ಟು ಒಳಗೆ ನುಗ್ಗಿ ಗೂಡಿನ ಬುಡದಿಂದಲೇ ಚೆಂಡು ಎತ್ತಿ ಲೇಅಪ್ ಹಾಕುತ್ತಾನೆ, ಅದು ಕಲಿತ ಆಟವೋ ಬೇಗ ಬೆಳೆದ ಮೈಯೋ ಅಂತ ಸ್ಕೋರ್‌ಶೀಟ್ ನೋಡಿ ಹೇಳಲಾಗದು. ಎಲ್ಲರೂ ಬೆಳೆದು ಸಮ ಆದ ಮೇಲೆ, 17-18ರ ಹೊತ್ತಿಗೆ, ನುಗ್ಗುವುದೊಂದನ್ನೇ ನಂಬಿದವನು ಕಷ್ಟಪಡುತ್ತಾನೆ. ಇದರ ತಿರುವುಮುರುವು ಕೂಡ ಉಂಟು. ಆಂಥನಿ ಡೇವಿಸ್ ಅಂತ ಎನ್‌ಬಿಎ ಆಟಗಾರ, 2012ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿ ಮೇಲೆ ಹೊಸ ಆಟಗಾರರನ್ನು ಆರಿಸುವಾಗ, ಮೊದಲನೆಯವನಾಗಿ ಹೋದವನು. ಅವನು ಹೈಸ್ಕೂಲಿಗೆ ಬಂದಾಗ ಚೆಂಡು ತಟ್ಟಿಕೊಂಡು ಹೋಗುವ ಗಾರ್ಡ್ ಆಗಿದ್ದ. ಹೈಸ್ಕೂಲ್ ದಿನಗಳಲ್ಲೇ ಸುಮಾರು 8 ಇಂಚು ಬೆಳೆದ. ಎತ್ತರ ಆಮೇಲೆ ಬಂತು, ಚಿಕ್ಕವನಾಗಿದ್ದಾಗ ಕಲಿತ ಡ್ರಿಬಲ್ ಹಾಗೇ ಉಳಿಯಿತು.

ನಿಮ್ಮ ಮೇಷ್ಟ್ರು "ಟೈಮ್ ಕೊಡಿ" ಅಂದಿದ್ದಾರಲ್ಲ, ಅವರನ್ನೇ ಒಂದು ಪ್ರಶ್ನೆ ಕೇಳಿ: ಜೂನ್‌ನಲ್ಲಿ ಇವನಿಗೆ ಬರದೇ ಇದ್ದದ್ದು ಈಗ ಏನು ಬರುತ್ತದೆ? ಅವರು ತಟ್ಟನೆ ಎರಡು ವಿಷಯ ಹೇಳಿದರೆ, ಎಡಗೈ ಲೇಅಪ್ ಬಂತು, ಒತ್ತಡದಲ್ಲಿ ಚೆಂಡು ಕಳೆದುಕೊಳ್ಳುವುದು ಕಡಿಮೆ ಆಯ್ತು ಅಂತ ಏನೋ ಒಂದು, ಹುಡುಗನನ್ನು ಬಿಡಿಸಬೇಡಿ. "ಚೆನ್ನಾಗಿ ಆಡ್ತಾನೆ" ಅಂತ ಮಾತ್ರ ತೇಲಿಸಿದರೆ ಆಟ ಬಿಡಿಸುವ ಬದಲು ಬೇರೆ ಮೇಷ್ಟ್ರನ್ನು ಹುಡುಕುವ ಯೋಚನೆ ಮಾಡಿ. ಟ್ಯೂಷನ್ ಬೆಳಿಗ್ಗೆ ಹೊತ್ತು ಕೂಡ ಇರುತ್ತದಲ್ಲ ಸ್ವಾಮಿ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಬೆಳಗಿನ ಜಾವ ಎದ್ದು ಎನ್‌ಬಿಎ ನೋಡುವವರು. ಒಬ್ಬ ಹೇಳ್ತಾನೆ, ಮೊದಲ ವರ್ಷದ ನಂಬರ್ ನೋಡಿದರೆ ಸಾಕು, ಹುಡುಗ ಮುಂದೆ ಏನಾಗ್ತಾನೆ ಅಂತ ಗೊತ್ತಾಗುತ್ತೆ ಅಂತ. ಜಗಳ ಬಗೆಹರಿಸಿ.
— ಐಟಿ ಹುಡುಗ, ಬೆಂಗಳೂರು

ಉತ್ತರ: ನಿಮ್ಮ ಗೆಳೆಯನಿಗೆ 2013ರ ಇಬ್ಬರು ಹುಡುಗರ ಕಥೆ ಹೇಳಿ.

ಆ ವರ್ಷದ ಡ್ರಾಫ್ಟಿನಲ್ಲಿ 11ನೆಯವನಾಗಿ ಫಿಲಡೆಲ್ಫಿಯಾಗೆ ಹೋದವನು ಮೈಕೆಲ್ ಕಾರ್ಟರ್-ವಿಲಿಯಮ್ಸ್. 15ನೆಯವನಾಗಿ ಮಿಲ್ವಾಕಿಗೆ ಹೋದವನು ಗ್ರೀಸ್ ದೇಶದ ಯಾನಿಸ್ ಆಂಟೆಟೊಕೂಂಪೊ. ಕಾರ್ಟರ್-ವಿಲಿಯಮ್ಸ್‌ನ ಮೊದಲ ಮ್ಯಾಚೇ ಹಿಂದಿನ ವರ್ಷದ ಚಾಂಪಿಯನ್ ಮಯಾಮಿ ಎದುರು. 22 ಪಾಯಿಂಟ್, 12 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿದ ಪಾಸ್), 7 ರೀಬೌಂಡ್ (ಬೀಳದೆ ಪುಟಿದ ಚೆಂಡು ಹಿಡಿದದ್ದು), 9 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು). ಗೆದ್ದೂ ಬಿಟ್ಟರು. ವರ್ಷ ಮುಗಿದಾಗ ಅವನ ಸರಾಸರಿ 16.7 ಪಾಯಿಂಟ್, 6.3 ಅಸಿಸ್ಟ್, 6.2 ರೀಬೌಂಡ್. ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಅವನಿಗೇ. ಯಾನಿಸ್‌ದು? 6.8 ಪಾಯಿಂಟ್, 4.4 ರೀಬೌಂಡ್. ನಿಮ್ಮ ಗೆಳೆಯ ಆ ದಿನ ಬಾಜಿ ಕಟ್ಟಿದ್ದರೆ ಯಾರ ಮೇಲೆ ಕಟ್ಟುತ್ತಿದ್ದ?

ಈಗ ಆ ನಂಬರ್‌ಗಳ ಹಿಂದೆ ಏನಿತ್ತು ನೋಡಿ. ಆ ವರ್ಷ ಫಿಲಡೆಲ್ಫಿಯಾ 82ರಲ್ಲಿ 19 ಗೆದ್ದು 63 ಸೋತಿತು, ನಡುವೆ ಸತತ 26 ಸೋಲು. ಚೆಂಡು ಇಟ್ಟುಕೊಳ್ಳಲು ಬೇರೆ ಯಾರೂ ಇಲ್ಲದ ತಂಡ, ದಡಬಡ ಓಡುವ ಆಟ. ಆಟ ವೇಗವಾದಷ್ಟೂ ಎಲ್ಲರ ಲೆಕ್ಕವೂ ಉಬ್ಬುತ್ತದೆ, ಹೊಡೆಯುವ ಸರದಿಯೇ ಜಾಸ್ತಿ ಬರುತ್ತದಲ್ಲ. ಇವನಿಗೆ ಮ್ಯಾಚಿಗೆ 34 ನಿಮಿಷಕ್ಕೂ ಮೇಲೆ ಸಿಗುತ್ತಿತ್ತು. ಎಸೆದ ನೂರರಲ್ಲಿ ಬೀಳುತ್ತಿದ್ದದ್ದು ಸುಮಾರು 40. ಮೂರು ಪಾಯಿಂಟಿನ ಗೆರೆಯಾಚೆಯಿಂದ ಸುಮಾರು 26. ಇದೂ ಅಂಕಿಅಂಶವೇ ತಾನೇ? ಅದನ್ನು ಯಾರೂ ಪೋಸ್ಟರ್ ಮಾಡಿ ಅಂಟಿಸಲಿಲ್ಲ. ಎಲ್ಲಕ್ಕಿಂತ ದೊಡ್ಡದು ವಯಸ್ಸು. ಅವನಿಗೆ ಆಗಲೇ 22, ಕಾಲೇಜಿನಲ್ಲಿ ಎರಡು ವರ್ಷ ಆಡಿ ಬಂದವನು. ಯಾನಿಸ್‌ಗೆ ಡ್ರಾಫ್ಟ್ ದಿನ 18. ಅದಕ್ಕೂ ಮುಂಚೆ ಆಡಿದ್ದು ಗ್ರೀಸ್‌ನ ಎರಡನೇ ದರ್ಜೆ ಲೀಗಿನಲ್ಲಿ. ಮೈ ಇನ್ನೂ ಕಡ್ಡಿ. ಎನ್‌ಬಿಎಗೆ ಬಂದ ಮೇಲೂ ಎತ್ತರ ಬೆಳೆಯುತ್ತಿದ್ದ ಹುಡುಗ ಅದು.

ಮುಂದೆ ಏನಾಯ್ತು ಅನ್ನುವುದು ಇನ್ನೂ ಸ್ವಾರಸ್ಯ. ಪ್ರಶಸ್ತಿ ಪಡೆದ ಮರುವರ್ಷವೇ, 2015ರ ಫೆಬ್ರವರಿಯಲ್ಲಿ, ಫಿಲಡೆಲ್ಫಿಯಾ ಕಾರ್ಟರ್-ವಿಲಿಯಮ್ಸ್‌ನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿತು. ಯಾವ ತಂಡ? ಮಿಲ್ವಾಕಿ! ಇಬ್ಬರೂ ಒಂದೇ ಬೆಂಚಿಗೆ ಬಂದರು. 2016ರಲ್ಲಿ ಕೋಚ್ ಜೇಸನ್ ಕಿಡ್ ಹೆಚ್ಚುಕಡಿಮೆ ಏಳು ಅಡಿಯ ಯಾನಿಸ್ ಕೈಗೆ ಚೆಂಡು ಕೊಟ್ಟು ಆಟ ನಡೆಸು ಅಂದರು. 2016-17ರಲ್ಲಿ ಯಾನಿಸ್ ಸರಾಸರಿ 22.9. ಪಾಯಿಂಟ್, ರೀಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಐದರಲ್ಲೂ ತನ್ನ ತಂಡಕ್ಕೆ ಅವನೇ ಮೊದಲು. 2019 ಮತ್ತು 2020ರಲ್ಲಿ ಲೀಗಿನ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ. 2021ರ ಫೈನಲ್‌ನ ಕೊನೆಯ ಮ್ಯಾಚಿನಲ್ಲಿ 50 ಪಾಯಿಂಟ್ ಹೊಡೆದು ಕಪ್ ಎತ್ತಿದ. ಕಾರ್ಟರ್-ವಿಲಿಯಮ್ಸ್ ತಂಡದಿಂದ ತಂಡಕ್ಕೆ ಹೋಗುತ್ತಾ ಬೆಂಚಿನ ಆಟಗಾರನಾದ, ಗಾಯಗಳೂ ಕಾಡಿದವು. ಅವನನ್ನು ಹಂಗಿಸಲು ಹೇಳುತ್ತಿಲ್ಲ. ಎನ್‌ಬಿಎಯಲ್ಲಿ ಅಷ್ಟು ವರ್ಷ ಉಳಿಯುವುದು ಸಣ್ಣ ಮಾತಲ್ಲ. ಆದರೆ ಮೊದಲ ವರ್ಷದ ನಂಬರ್ ಹೇಳಿದ ಭವಿಷ್ಯ ತಲೆಕೆಳಗಾಯ್ತು ಅನ್ನುವುದಂತೂ ನಿಜ.

ಇದೊಂದೇ ಅಲ್ಲ. 2009-10ರಲ್ಲಿ ಟೈರೀಕ್ ಇವಾನ್ಸ್ ಮೊದಲ ವರ್ಷವೇ 20 ಪಾಯಿಂಟ್, 5 ರೀಬೌಂಡ್, 5 ಅಸಿಸ್ಟ್ ದಾಟಿದ. ಅವನಿಗಿಂತ ಮುಂಚೆ ಮೊದಲ ವರ್ಷದಲ್ಲಿ ಅದನ್ನು ಮಾಡಿದ್ದವರು ಆಸ್ಕರ್ ರಾಬರ್ಟ್‌ಸನ್, ಮೈಕೆಲ್ ಜೋರ್ಡನ್, ಲೆಬ್ರಾನ್ ಜೇಮ್ಸ್ ಮೂವರೇ. ಇವಾನ್ಸ್ ಒಮ್ಮೆಯೂ ಲೀಗಿನ ತಾರೆಯರು ಆಡುವ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಲಿಲ್ಲ. ಆ ವರ್ಷದ ಪ್ರಶಸ್ತಿಯಲ್ಲಿ ಅವನ ಹಿಂದೆ ಎರಡನೆಯವನಾಗಿ ನಿಂತವನು ಮುಂದೆ ಎರಡು ಸಲ ಎಂವಿಪಿ ಆದ ಸ್ಟೀಫನ್ ಕರಿ.

ಬೆಂಚಿನ ಕಡೆ ನೋಡಿದರೆ ಮುಂದೆ ದೊಡ್ಡ ಹೆಸರು ಮಾಡಿದವರು ಇನ್ನಷ್ಟು ಸಿಗುತ್ತಾರೆ. ಸ್ಟೀವ್ ನ್ಯಾಶ್ ಮೊದಲ ವರ್ಷ 3.3 ಪಾಯಿಂಟ್. ಕೋಬಿ ಬ್ರಯಂಟ್ 7.6, ಆಡಿದ್ದು ಹದಿನೈದು ಹದಿನಾರು ನಿಮಿಷ. ಜಿಮ್ಮಿ ಬಟ್ಲರ್ 2.6. ಜೇಮ್ಸ್ ಹಾರ್ಡನ್ ಒಕ್ಲಹೋಮದಲ್ಲಿ ಮೂರನೇ ವರ್ಷವೂ ಬೆಂಚಿನಿಂದ ಎದ್ದು ಬಂದು 16.8 ಹೊಡೆಯುತ್ತಿದ್ದವನು, 2012ರ ಅಕ್ಟೋಬರಿನಲ್ಲಿ ಹ್ಯೂಸ್ಟನ್‌ಗೆ ಹೋದ ಮೊದಲ ಮ್ಯಾಚಿನಲ್ಲೇ 37 ಹೊಡೆದ, ಆ ವರ್ಷ ಸರಾಸರಿ 25.9. ನಾಲ್ಕು ದಿನದಲ್ಲಿ ಹೊಸ ಆಟ ಕಲಿತನಾ? ಚೆಂಡು ಕೈಗೆ ಬಂತು, ನಿಮಿಷ ಜಾಸ್ತಿ ಸಿಕ್ಕಿತು.

ಹಾಗಂತ ನೀವು ಗೆದ್ದಿರಿ ಅಂತ ಕುಣಿಯಬೇಡಿ. ನಾನು ಹೇಳಿದ್ದೆಲ್ಲಾ ಗೆದ್ದವರ ಕಥೆ. ಬೆಂಚಿನಲ್ಲಿ ಕೂತು 2.6 ಹೊಡೆದವರಲ್ಲಿ ಹೆಚ್ಚಿನವರು 2.6 ಹೊಡೆದೇ ಮನೆಗೆ ಹೋದರು, ಅವರ ಹೆಸರು ನಿಮಗೂ ಗೊತ್ತಿಲ್ಲ, ನನಗೂ ನೆನಪಿಲ್ಲ. ಕಡಿಮೆ ನಂಬರ್ ಅನ್ನುವುದೇ ಪ್ರತಿಭೆಯ ಗುರುತು ಅಂದುಕೊಂಡರೆ ಅದು ಇನ್ನೊಂದು ಹುಚ್ಚು. ಕಾಫಿ ದುಡ್ಡು ಇಬ್ಬರೂ ಅರ್ಧರ್ಧ ಹಾಕಿಕೊಳ್ಳಿ.

ಪ್ರಶ್ನೆ: ಕಂಬಿಗೆ ನೇತಾಡಿದರೆ ಎತ್ತರ ಆಗ್ತಾರಾ? ಮಗನಿಗೆ 13.
— ತಾಯಿ, ತುಮಕೂರು

ಉತ್ತರ: ಇಲ್ಲಮ್ಮ. ತೋಳು ಗಟ್ಟಿಯಾಗುತ್ತದೆ, ಅದೂ ಒಳ್ಳೆಯದೇ. ಎತ್ತರ ನಿಮ್ಮಿಂದಲೂ ಅವರಪ್ಪನಿಂದಲೂ ಬರಬೇಕು, ಜೊತೆಗೆ ಊಟ, ನಿದ್ದೆ. ರಾತ್ರಿ ಹನ್ನೊಂದರ ತನಕ ಮೊಬೈಲ್ ನೋಡೋದನ್ನ ತಪ್ಪಿಸಿ. ಎತ್ತರ ಒಂದಿದ್ದರೆ ಎಲ್ಲಾ ಆಯ್ತು ಅಂತಲೂ ಇಲ್ಲ. ಪಂಜಾಬಿನ ಹಳ್ಳಿಯಿಂದ ಹೋದ ಸತ್ನಾಮ್ ಸಿಂಗ್ 7 ಅಡಿ 2 ಇಂಚು. 2015ರಲ್ಲಿ ಡಲ್ಲಾಸ್ ತಂಡ ಡ್ರಾಫ್ಟಿನಲ್ಲಿ 52ನೆಯವನಾಗಿ ಆರಿಸಿತು, ಭಾರತದಲ್ಲಿ ಹುಟ್ಟಿದವರಲ್ಲಿ ಅವರೇ ಮೊದಲು. ಆದರೂ ಎನ್‌ಬಿಎಯ ಲೀಗ್ ಪಂದ್ಯ ಒಂದೂ ಆಡಲು ಸಿಗಲಿಲ್ಲ.

ಪ್ರಶ್ನೆ: ನೀವು "ಬೆಳವಣಿಗೆ", "ಅವಕಾಶ" ಅಂತ ಆಗಾಗ ಬರೀತೀರಿ. ನಮ್ಮಲ್ಲಿ ಆ ಮಾತುಗಳು ಯಾರಿಗೆ ಉಪಯೋಗ ಗೊತ್ತಾ? ತಮ್ಮ ಕಡೆಯ ಹುಡುಗನನ್ನು ತಂಡಕ್ಕೆ ತುರುಕುವವರಿಗೆ. "ಇವನಲ್ಲಿ ಪೊಟೆನ್ಶಿಯಲ್ ಇದೆ" ಅಂದರೆ ಮುಗೀತು, ಯಾರೂ ಕೇಳೋ ಹಾಗಿಲ್ಲ. ಪಾಯಿಂಟ್‌ಗೆ ಜಾತಿ ಇಲ್ಲ, ಪರಿಚಯ ಇಲ್ಲ. ನನ್ನ ಪ್ರಕಾರ ನಂಬರೇ ನ್ಯಾಯ.
— ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಈ ಸಲದ ಪತ್ರಗಳಲ್ಲಿ ನನ್ನನ್ನು ಸುಮ್ಮನೆ ಕೂರಿಸಿದ್ದು ನಿಮ್ಮದೇ. ನೀವು ಹೇಳಿದ್ದನ್ನು ನಾನೂ ಕಣ್ಣಾರೆ ನೋಡಿದ್ದೇನೆ.

ಕಣ್ಣಳತೆ ಎಷ್ಟು ಮೋಸ ಮಾಡುತ್ತದೆ ಅನ್ನಲು ದೊಡ್ಡ ಲೀಗಿನಲ್ಲೇ ಉದಾಹರಣೆ ಇವೆ. ಸರ್ಬಿಯಾದ ನಿಕೋಲಾ ಯೋಕಿಚ್‌ನನ್ನು 2014ರಲ್ಲಿ ಆರಿಸಿದ್ದು 41ನೆಯವನಾಗಿ. ಹೆಸರು ಕೂಗುವ ಹೊತ್ತಿಗೆ ಟಿವಿಯಲ್ಲಿ ತಿಂಡಿ ಅಂಗಡಿಯ ಜಾಹೀರಾತು ಓಡುತ್ತಿತ್ತು. ದಪ್ಪ, ನಿಧಾನ, ಜಿಗಿಯಲ್ಲ ಅನ್ನುವುದು ಕಣ್ಣಿನ ತೀರ್ಪು. ಅವನು ಮೂರು ಸಲ ಎಂವಿಪಿ ಆದ, 2023ರಲ್ಲಿ ಡೆನ್ವರ್‌ಗೆ ಮೊದಲ ಕಪ್ ಗೆದ್ದುಕೊಟ್ಟ. ಜೆರೆಮಿ ಲಿನ್ ಇನ್ನೊಬ್ಬ. ಹಾರ್ವರ್ಡ್‌ನಲ್ಲಿ ಓದಿದ ತೈವಾನ್ ಮೂಲದ ಹುಡುಗ, 2010ರ ಡ್ರಾಫ್ಟಿನಲ್ಲಿ ಯಾರೂ ಆರಿಸಲಿಲ್ಲ. 2011ರ ಡಿಸೆಂಬರಿನಲ್ಲಿ ಎರಡು ತಂಡಗಳು ಒಂದರ ಹಿಂದೆ ಒಂದು ಕೈಬಿಟ್ಟವು. 2012ರ ಫೆಬ್ರವರಿ 4ರಂದು ನ್ಯೂಯಾರ್ಕ್ ಕೋಚ್ ಬೇರೆ ದಾರಿ ಕಾಣದೆ ಇಳಿಸಿದರು, 25 ಹೊಡೆದ. ಆರು ದಿನ ಬಿಟ್ಟು ಲೇಕರ್ಸ್ ತಂಡದ ಎದುರು 38. ಅಂಥ ಮುಖದವನು ಈ ಆಟ ಆಡುತ್ತಾನೆ ಅಂತ ಯಾರ ಕಣ್ಣಿಗೂ ಕಂಡಿರಲಿಲ್ಲ.

ಹಾಗಾದರೆ ನಿಮ್ಮ ಮಾತೇ ಸರಿ ಅನ್ನಬಹುದಿತ್ತು. ಆದರೆ ಸರ್, ಪಾಯಿಂಟ್‌ಗೆ ಪರಿಚಯ ಇಲ್ಲದಿರಬಹುದು, ನಿಮಿಷಕ್ಕೆ ಇದೆ. ಪಕ್ಷಪಾತ ಮಾಡುವವನು ಸ್ಕೋರ್‌ಶೀಟ್ ತಿದ್ದಬೇಕಾಗಿಲ್ಲ. ತನ್ನ ಹುಡುಗನನ್ನು ಮೊದಲ ಐದರಲ್ಲಿ ಇಳಿಸಿ, "ಚೆಂಡು ಇವನಿಗೇ ಕೊಡಿ" ಅಂತ ಉಳಿದವರಿಗೆ ಹೇಳಿದರೆ ಸಾಕು. ಪಾಯಿಂಟ್ ತಾನಾಗಿ ಬರುತ್ತದೆ. ಆಮೇಲೆ ಆಯ್ಕೆ ದಿನ ಅದೇ ಹಾಳೆ ತೋರಿಸಿ "ನೋಡಿ, ನಂಬರ್ ಮಾತಾಡ್ತಿದೆ" ಅಂತಾನೆ. ನೀವು ನ್ಯಾಯ ಅಂದುಕೊಂಡ ಹಾಳೆ ಆಗ ಅವನ ಸಾಕ್ಷಿ.

ಇನ್ನೊಂದು ತೊಂದರೆ, ನಮ್ಮಲ್ಲಿ ಲೆಕ್ಕ ಹಾಕುವಷ್ಟು ಆಟವೇ ಇರುವುದಿಲ್ಲ. ಎನ್‌ಬಿಎ ಹುಡುಗನಿಗೆ ವರ್ಷಕ್ಕೆ 82 ಮ್ಯಾಚ್. ನಮ್ಮ ಶಾಲೆ ಹುಡುಗ ತಾಲ್ಲೂಕಿನಲ್ಲಿ ಒಂದು ಸೋತರೆ ಆ ವರ್ಷದ ಕಥೆ ಮುಗಿಯಿತು, ನಾಕೌಟ್ ಅಲ್ವಾ. ಆ ದಿನ ಜ್ವರ ಇತ್ತೋ, ಶೂ ಹರಿದಿತ್ತೋ, ಮಳೆ ಬಿದ್ದು ಕಾಂಕ್ರೀಟ್ ಅಂಗಳ ಜಾರುತ್ತಿತ್ತೋ, ಒಟ್ಟು ಅವನ "ಸರಾಸರಿ" ಅಂದರೆ ಆ ಒಂದು ಮಧ್ಯಾಹ್ನ.

ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ತಂಡ ಆರಿಸುವ ಮೂವರಲ್ಲಿ ನಾನೂ ಒಬ್ಬ. ಅರವತ್ತು ಹುಡುಗರು, ಒಂದು ಅಂಗಳ, ಮಧ್ಯಾಹ್ನ ಊಟದೊಳಗೆ ಪಟ್ಟಿ ಕೊಡಬೇಕು. ಒಬ್ಬ ಕುಳ್ಳ ಹುಡುಗ ಇದ್ದ. ಅವನು ಇಳಿದಾಗಲೆಲ್ಲ ಉಳಿದ ನಾಲ್ಕು ಜನರಿಗೆ ಸಲೀಸಾಗಿ ಲೇಅಪ್ ಸಿಗುತ್ತಿತ್ತು. ಎಲ್ಲಿಗೆ ಪಾಸ್ ಕೊಡಬೇಕು ಅಂತ ಅವನಿಗೆ ಇತರರಿಗಿಂತ ಒಂದು ಕ್ಷಣ ಮುಂಚೆ ಗೊತ್ತಾಗುತ್ತಿತ್ತು. ನಾನು ಅದನ್ನು ಗಮನಿಸಿದೆ. ಗಮನಿಸಿಯೂ, ಅವನ ಹೆಸರಿನ ಮುಂದೆ 2 ಪಾಯಿಂಟ್ ಅಂತ ಇದ್ದದ್ದು ನೋಡಿ ಹೊಡೆದು ಹಾಕಿದೆ. ಯಾರಾದರೂ ಕೇಳಿದರೆ ತೋರಿಸಲು ನಂಬರ್ ಬೇಕಲ್ಲ ಅನ್ನುವ ಭಯ, ಬೇರೇನಿಲ್ಲ. ಮುಂದಿನ ವರ್ಷ ಆ ಹುಡುಗ ಬರಲಿಲ್ಲ. ವಿಚಾರಿಸಿದರೆ ಅಪ್ಪನ ಅಂಗಡಿಯಲ್ಲಿ ಕೂರುತ್ತಾನೆ ಅಂದರು. ಅವನು ದೊಡ್ಡ ಆಟಗಾರ ಆಗುತ್ತಿದ್ದ ಅಂತ ನಾನು ಹೇಳಲಾರೆ, ಬಹುಶಃ ಆಗುತ್ತಿರಲಿಲ್ಲ. ಇನ್ನೆರಡು ವರ್ಷ ಆಡುತ್ತಿದ್ದ, ಅಷ್ಟೆ.

ನಂಬರ್ ಬೇಡ ಅನ್ನುವುದಿಲ್ಲ. ಕೋಚ್ ಕೃಪೆ ಬೇಕಿಲ್ಲದ ನಂಬರ್ ಹುಡುಕೋಣ ಅಂತೀನಿ. ಫೌಲ್ ಆದಾಗ ಗೆರೆಯಲ್ಲಿ ನಿಂತು ಎಸೆಯುವ ಫ್ರೀ ಥ್ರೋ ಅಂಥದ್ದು. ಯಾರೂ ಅಡ್ಡ ಬರುವುದಿಲ್ಲ, ಯಾರೂ ಪಾಸ್ ಕೊಡಬೇಕಾಗಿಲ್ಲ. ಎಲ್ಲಾ ಮಕ್ಕಳಿಂದಲೂ ತಿಂಗಳಿಗೊಮ್ಮೆ ನೂರು ಎಸೆಸಿ ಬರೆದಿಡಿ. ಜುಲೈಯಲ್ಲಿ 41 ಹಾಕಿದ ಹುಡುಗಿ ಜನವರಿಯಲ್ಲಿ 63 ಹಾಕಿದರೆ ಆ ನಂಬರ್ ಮುಂದೆ ನಾನೂ ತಲೆ ಬಾಗಿಸುತ್ತೇನೆ.

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕ ನಾನು. ಎರಡು ಚೆಂಡು, ಒಂದು ಗೂಡು, ಅದಕ್ಕೂ ನೆಟ್ ಇಲ್ಲ. ಪಾಯಿಂಟ್ ಬಿಟ್ಟು ಬೇರೆ ಏನು ಬರೆದಿಡಬಹುದು?
— ದೈ.ಶಿ., ಚಿಕ್ಕಮಗಳೂರು ಜಿಲ್ಲೆ

ಉತ್ತರ: ಒಂದು ನೂರು ಪುಟದ ನೋಟ್‌ಬುಕ್ ಸಾಕು ಸರ್. ಆ ದಿನ ಕಾಲು ಉಳುಕಿ ಆಡದೆ ಕೂತ ಮಗುವಿಗೆ ಅದನ್ನು ಕೊಡಿ. ಮೊದಲು ಬರೆಯಬೇಕಾದ್ದು ನಿಮಿಷ, ಯಾರು ಎಷ್ಟು ಹೊತ್ತು ಆಡಿದರು. ಇದೊಂದನ್ನು ಬರೆದರೇ ನಿಮಗೆ ಗಾಬರಿಯಾಗುತ್ತದೆ ನೋಡಿ. ಎಲ್ಲರನ್ನೂ ಸಮನಾಗಿ ಆಡಿಸುತ್ತಿದ್ದೇನೆ ಅಂದುಕೊಂಡಿರುತ್ತೇವೆ, ಹಾಳೆ ಬೇರೆಯೇ ಹೇಳುತ್ತದೆ.

ಆಮೇಲೆ ಮಗು ಅಂಗಳಕ್ಕೆ ಇಳಿದಾಗ ಸ್ಕೋರ್ ಎಷ್ಟಿತ್ತು, ಹೊರಗೆ ಬಂದಾಗ ಎಷ್ಟು ಅಂತ ಬರೆಯಿರಿ. ನಮ್ಮವರು ನಾಲ್ಕು ಹಿಂದಿದ್ದಾಗ ಇಳಿದು ಎರಡು ಮುಂದಿದ್ದಾಗ ಹೊರಬಂದರೆ ಅವನ ಹೆಸರಿಗೆ ಆರು. ಒಂದೇ ಮ್ಯಾಚಿನಲ್ಲಿ ಇದನ್ನು ನಂಬಬೇಡಿ, ಜೊತೆಗೆ ಒಳ್ಳೆಯವರು ಆಡಿದರೆ ಸೋಮಾರಿಗೂ ಆರು ಬೀಳುತ್ತದೆ. ಹತ್ತು ಹದಿನೈದು ಪ್ರಾಕ್ಟೀಸ್ ಮ್ಯಾಚಿನದ್ದು ಸೇರಿಸಿ ನೋಡಿದರೆ, ಪಾಯಿಂಟೇ ಹೊಡೆಯದ ಯಾರೋ ಒಬ್ಬ ಮೇಲೆ ಬಂದು ಕೂತಿರುತ್ತಾನೆ. ಅವನನ್ನು ಹೋಗಿ ನೋಡಿ. ಎದುರಿನ ಒಳ್ಳೆಯ ಆಟಗಾರನಿಗೆ ಅಂಟಿಕೊಂಡು ಚೆಂಡೇ ಸಿಗದ ಹಾಗೆ ಮಾಡಿರುತ್ತಾನೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು ಸೋಲಿಸಿದ್ದು 75-73ರಿಂದ. ಒಂದು ಬುಟ್ಟಿ ವ್ಯತ್ಯಾಸ. ಅಂಥ ಆಟದಲ್ಲಿ ತಡೆದ ಎರಡಕ್ಕೂ ಹೊಡೆದ ಎರಡಕ್ಕೂ ಬೆಲೆ ಒಂದೇ, ಆದರೆ ತಡೆದದ್ದನ್ನು ಬರೆಯಲು ಹಾಳೆಯಲ್ಲಿ ಜಾಗವಿಲ್ಲ.

ಮೂರನೆಯದು, ಬೀಳದಿದ್ದರೂ ಪರವಾಗಿಲ್ಲ, ಹೊಸದನ್ನು ಪ್ರಯತ್ನಿಸಿದರಾ ಅನ್ನುವುದು. ಎಡಗಡೆಯಿಂದ ಎಡಗೈಯಲ್ಲಿ ಹೋದರೆ ಒಂದು ಗೀಟು. ತಪ್ಪಿದರೂ ಗೀಟು. ಬರೀ ಪಾಯಿಂಟ್ ಎಣಿಸುವ ಕಡೆ ಮಕ್ಕಳು ಎಡಗೈ ಮುಟ್ಟುವುದೇ ಇಲ್ಲ, ತಪ್ಪಿಸಿಕೊಂಡರೆ ಬೈಗುಳ ಅಂತ ಗೊತ್ತು. ಇಷ್ಟು ಸಾಕು. ಇನ್ನೂ ಹತ್ತು ಕಲಂ ಹಾಕಿದರೆ ಎರಡನೇ ವಾರ ಯಾರೂ ಬರೆಯುವುದಿಲ್ಲ.

ಪ್ರೈಮರಿ ಮಕ್ಕಳೂ ಬರುತ್ತಾರಾ? ಅವರದ್ದು ಬುಟ್ಟಿಗೆ ಬಿದ್ದ ಲೆಕ್ಕ ಇಡಲೇಬೇಡಿ. ದೊಡ್ಡವರ ಗೂಡು 3.05 ಮೀಟರ್ ಎತ್ತರ, ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದನ್ನೇ 2.60ಕ್ಕೆ ಇಳಿಸಿ 5ನೇ ಸೈಜಿನ ಚೆಂಡು ಕೊಡುತ್ತಾರೆ. ಹತ್ತು ವರ್ಷದ ಮಗು 7ನೇ ಸೈಜಿನ ಚೆಂಡನ್ನು ಹೊಟ್ಟೆಯಿಂದ ಎತ್ತಿ ಎತ್ತಿ ಎಸೆದು ಕೈ ಕೆಡಿಸಿಕೊಂಡರೆ ಆಮೇಲೆ ತಿದ್ದುವವರು ನೀವೇ. ಗೂಡು ಇಳಿಸಲು ಆಗದಿದ್ದರೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದರೂ ನಡೆಯುತ್ತದೆ.

ಪ್ರಶ್ನೆ: ನಾನು ಫಸ್ಟ್ ಪಿಯುಸಿ. ಕಾಲೇಜು ತಂಡದಲ್ಲಿದ್ದೇನೆ, ಆದರೆ ಸರ್ ಕೊನೆ ಮೂರು ನಿಮಿಷ ಮಾತ್ರ ಬಿಡ್ತಾರೆ. ಅಷ್ಟರಲ್ಲಿ ಏನಾದರೂ ತೋರಿಸಬೇಕು ಅಂತ ಕೈಗೆ ಬಂದದ್ದೆಲ್ಲ ಎಸೆಯುತ್ತೇನೆ, ಬೀಳಲ್ಲ. ಅಪ್ಪ "ಬೆಂಚ್ ಬಿಸಿ ಮಾಡೋಕೆ ಸಂಜೆ ಏಳರ ತನಕ ಯಾಕೆ?" ಅಂತಾರೆ.
— ಹೆಸರು ಬೇಡ ಸರ್, ಮೈಸೂರು

ಉತ್ತರ: ಮೊದಲು ಆ ಎಸೆಯುವುದನ್ನು ನಿಲ್ಲಿಸು ತಾಯಿ. ಮೂರು ನಿಮಿಷದಲ್ಲಿ ಪಾಯಿಂಟ್ ತೋರಿಸಲು ಹೋದರೆ ಕಾಣಿಸುವುದು ಆತುರ. ಬೇಗ ಹಿಂದಕ್ಕೆ ಓಡು, ನಿನ್ನ ಎದುರಾಳಿಗೆ ಚೆಂಡು ಸಿಗದ ಹಾಗೆ ನೋಡಿಕೋ, ಪಾಸ್ ಸರಿಯಾಗಿ ಕೊಡು. ಮೂರು ನಿಮಿಷದಲ್ಲೂ ಇವು ಕಾಣುತ್ತವೆ.

ಸರ್ ಹತ್ತಿರ "ಜಾಸ್ತಿ ಆಡಿಸಿ" ಅನ್ನಬೇಡ. "ಏನು ಕಲಿತರೆ ಇನ್ನೈದು ನಿಮಿಷ ಸಿಗುತ್ತೆ ಸರ್?" ಅಂತ ಕೇಳು. ಅವರು ಹೇಳಿದ್ದನ್ನು ಅಲ್ಲೇ ಬರೆದುಕೋ. ತಿಂಗಳು ಬಿಟ್ಟು ಹೋಗಿ ತೋರಿಸು.

ಮೈಕೆಲ್ ಜೋರ್ಡನ್‌ನನ್ನು ಶಾಲೆ ತಂಡದಿಂದ ಹೊರಗೆ ಹಾಕಿದ್ದರು ಅಂತ ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಆ ಕಥೆ ಪೂರ್ತಿ ಹಾಗಲ್ಲ. 1978ರಲ್ಲಿ ವಿಲ್ಮಿಂಗ್ಟನ್ ಊರಿನ ಲೇನಿ ಹೈಸ್ಕೂಲಿನಲ್ಲಿ ಅವನನ್ನು ಮುಖ್ಯ ತಂಡಕ್ಕೆ ತೆಗೆದುಕೊಳ್ಳಲಿಲ್ಲ, ಎತ್ತರ ಬೇಕಿತ್ತು ಅಂತ ಅವನಿಗಿಂತ ಉದ್ದದ ಗೆಳೆಯನನ್ನು ತೆಗೆದುಕೊಂಡರು. ಇವನನ್ನು ಕಿರಿಯರ ತಂಡಕ್ಕೆ ಹಾಕಿದರು. ದೊಡ್ಡವರ ಬೆಂಚಿನಲ್ಲಿ ಕೂರಬೇಕಾಗಿದ್ದ ಹುಡುಗ ಕಿರಿಯರ ತಂಡದಲ್ಲಿ ವರ್ಷವಿಡೀ ಆಡಿದ. ಅವನು ಮನೆಗೆ ಹೋಗಿ ಅತ್ತದ್ದು ಎಲ್ಲರಿಗೂ ನೆನಪಿದೆ, ಆಡಿದ್ದು ಯಾರಿಗೂ ನೆನಪಿಲ್ಲ.

ನಿನಗೂ ಬೇಕಾದ್ದು ಅದೇ, ಆಡಲು ಇನ್ನೊಂದು ಜಾಗ. ಕಾಲೇಜು ತಂಡ ಬಿಡಬೇಡ, ಅದರ ಜೊತೆಗೆ. ಮೂರು ಮೂರು ಜನರ ಆಟ ಶುರು ಮಾಡು. ಅರ್ಧ ಅಂಗಳ, ಒಂದೇ ಗೂಡು, ಹತ್ತು ನಿಮಿಷ, ಮೊದಲು 21 ಮುಟ್ಟಿದವರು ಗೆದ್ದ ಹಾಗೆ. ತಂಡಕ್ಕೆ ನಾಲ್ಕೇ ಜನ, ಅಂದರೆ ಬೆಂಚಿನಲ್ಲಿ ಒಬ್ಬಳೇ, ಅದೂ ಸರದಿ ಮೇಲೆ. ಚೆಂಡು ಮುಟ್ಟದೆ ಒಂದು ನಿಮಿಷವೂ ಇರಲಾಗುವುದಿಲ್ಲ. ಭಾನುವಾರ ಬೆಳಿಗ್ಗೆ ಇಟ್ಟುಕೊಂಡರೆ ಅಪ್ಪನ ಸಂಜೆ ಏಳರ ತಕರಾರೂ ಇರಲ್ಲ, ಬೇಕಾದರೆ ಅವರನ್ನೇ ಕರೆದುಕೊಂಡು ಹೋಗಿ ಕಲ್ಲುಬೆಂಚಿನ ಮೇಲೆ ಕೂರಿಸು, ಸ್ಕೋರ್ ಬರೆಯಲಿ. ಉಳಿದ ಮೂವರನ್ನು ಹುಡುಕುವಾಗ ನಿಮ್ಮ ತಂಡದ ಸ್ಟಾರ್‌ಗಳ ಹತ್ತಿರ ಹೋಗಬೇಡ. ಮ್ಯಾಚ್ ದಿನ ಬೆಂಚಿನಲ್ಲಿ ನಿನ್ನ ಪಕ್ಕ ಕೂರುತ್ತಾಳಲ್ಲ, ಅವಳನ್ನು ಮೊದಲು ಕೇಳು.